ತಬ್ಬಿಕೊಂಡ ಕೂಡಲೇ ಬೆಲ್ ಒತ್ತಿ

ಕಂಡಕ್ಟರ್ ತನ್ನ ಮಗಳನ್ನು ಚಿಲ್ರೆ ಎಂದು ಕರೆಯುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಬಸ್ಸಿನಲ್ಲಿ ಚಿಲ್ಲರೆ ಕೊಡಿ, ಚಿಲ್ಲರೆ ಕೊಡಿ ಎಂದು ಗಂಟಲು ಹರಿದುಕೊಳ್ಳುವವನ ಮನೆಗೆ ಕೊನೆಗೂ ಒಂದು ಚಿಲ್ಲರೆ ಬಂತಲ್ಲ ಎಂದು, ಅವಳು ಹುಟ್ಟಿದ ದಿನ ಡಿಪೋದಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ನಕ್ಕಿದ್ದ. ಹೆಂಡತಿಗೆ ಮೊದಮೊದಲು ಸಿಟ್ಟು ಬಂತು. "ಹೆತ್ತ ಮಗೂನ ಯಾರಾದ್ರೂ ಹಾಗೆ ಕರೀತಾರಾ?" ಎಂದಳು. ವರ್ಷ ತುಂಬುವುದರೊಳಗೆ ಅವಳ ಬಾಯಿಗೂ ಅದೇ ಹತ್ತಿತು. ಶಾಲೆಯವರು, ಆಸ್ಪತ್ರೆಯವರು ಮಾತ್ರ ಬೇರೆ ಹೆಸರಿನಿಂದ ಕರೆಯುತ್ತಿದ್ದರು. ಆ ಹೆಸರಿಗೆ ಅವಳು ಎಷ್ಟೋ ಸಲ ಓಗೊಡುತ್ತಲೇ ಇರಲಿಲ್ಲ.

ಅದು ಸೊಕ್ಕಲ್ಲ, ಮಾತ್ರೆ. ನಾಲ್ಕನೇ ವಯಸ್ಸಿನಲ್ಲಿ ಶುರುವಾದ ಫಿಟ್ಸು ಒಂಬತ್ತಾದರೂ ಬಿಟ್ಟಿರಲಿಲ್ಲ. ಒಂದು ಮಾತ್ರೆಗೆ ಬಗ್ಗಲಿಲ್ಲವೆಂದು ಇನ್ನೊಂದು, ಅದಕ್ಕೂ ಬಗ್ಗಲಿಲ್ಲವೆಂದು ಎರಡೂ ಸೇರಿಸಿ, ಅದರ ಮೇಲೊಂದು ಸಿರಪ್ಪು. ಫಿಟ್ಸು ಜಪ್ಪಯ್ಯ ಅನ್ನಲಿಲ್ಲ, ಮಗು ಮಾತ್ರ ಮಂಕಾಯಿತು. ಏನಾದರೂ ಕೇಳಿದರೆ ಉತ್ತರ ಬರುವಷ್ಟರಲ್ಲಿ ಬಸ್ಸು ಒಂದು ಸ್ಟಾಪು ದಾಟಿರುತ್ತದೆ ಎಂದು ಕಂಡಕ್ಟರೇ ತಮಾಷೆ ಮಾಡುತ್ತಿದ್ದ. ತಮಾಷೆ ಮಾಡದೆ ಇನ್ನೇನು ಮಾಡುತ್ತಾನೆ? ಕೂತರೆ ಕೂತಲ್ಲೇ ಇರುವ ಮಗು. ನಗಿಸಿದರೆ ನಗುವುದಿಲ್ಲ, ಗದರಿದರೆ ಅಳುವುದಿಲ್ಲ, ಅಪ್ಪ ಕೆಲಸದಿಂದ ಬಂದರೆ ತಲೆಯೆತ್ತಿ ನೋಡುವುದೂ ಇಲ್ಲ. ಬೇಕರಿಯ ಕೌಂಟರಿನಲ್ಲಿ ಕೆಲಸಕ್ಕಿದ್ದ ಹೆಂಡತಿ ಅದನ್ನು ಬಿಟ್ಟು ಮನೆಯಲ್ಲಿ ಕೂತಳು. ಶಾಲೆಯವರು ಅರ್ಧ ದಿನಕ್ಕೇ ಫೋನು ಮಾಡಿ, ಬಂದು ಕರಕೊಂಡು ಹೋಗಿ ಅನ್ನುತ್ತಿದ್ದರಲ್ಲ.

ಇಷ್ಟರ ನಡುವೆ ಕಂಡಕ್ಟರನಿಗೆ ಒಂದು ಹೆಮ್ಮೆಯಿತ್ತು. ಇಂಥದ್ದರಲ್ಲೂ ಹೆಮ್ಮೆ ಪಡುವವರಿರುತ್ತಾರಾ ಎಂದು ಕೇಳಬೇಡಿ, ಮನುಷ್ಯನಿಗೆ ಹಿಡಿದುಕೊಳ್ಳಲು ಏನಾದರೂ ಬೇಕು. ಅವನು ಮನೆಯಲ್ಲಿದ್ದಾಗ ಫಿಟ್ಸು ಬರುವುದಿದ್ದರೆ ಚಿಲ್ರೆ ಮೊದಲು ಎದ್ದು ಅವನ ಹತ್ತಿರ ಬರುತ್ತಿದ್ದಳು. ಎರಡೂ ಕೈ ಚಾಚಿ, ಬಿರಬಿರನೆ ಬಂದು ಅವನ ಕುತ್ತಿಗೆಯನ್ನು ತಬ್ಬಿ, ಕೆನ್ನೆಗೆ ಕೆನ್ನೆ ಒತ್ತಿ ಹಿಡಿಯುತ್ತಿದ್ದಳು. ಉಸಿರು ಕಟ್ಟುವಂಥ ಬಿಗಿ ಹಿಡಿತ. ಸ್ವಲ್ಪ ಹೊತ್ತಿಗೆ ಅವಳ ಕುತ್ತಿಗೆ ತಿರುಗಿ, ಕಣ್ಣು ಮೇಲಕ್ಕೆ ಹೋಗಿ, ಮೈ ಸೆಟೆದುಕೊಳ್ಳುತ್ತಿತ್ತು. "ಅವಳಿಗೆ ಅದು ಬರೋದು ಮೊದ್ಲೇ ಗೊತ್ತಾಗುತ್ತೆ," ಎಂದು ಕಂಡಕ್ಟರ್ ಡಿಪೋದಲ್ಲಿ ಹೇಳುತ್ತಿದ್ದ. "ಗೊತ್ತಾದ ತಕ್ಷಣ ಅಪ್ಪನ ಹತ್ರ ಓಡಿ ಬರ್ತಾಳೆ. ಮಾತ್ರೆ ಎಲ್ಲಾನೂ ಮರೆಸಿದೆ, ಅಪ್ಪನ್ನ ಮರೆಸಿಲ್ಲ ನೋಡಿ." ಹೇಳುವಾಗ ಕಣ್ಣು ತುಂಬಿ ಬರುತ್ತಿತ್ತು. ಕೇಳುವವರೂ ಮಾತು ಬದಲಿಸುತ್ತಿದ್ದರು.

ಮನೆಯಲ್ಲಿ ಇದನ್ನೇ ಹಿಡಿದು ಹೆಂಡತಿಯ ಕಾಲೆಳೆಯುತ್ತಿದ್ದ. "ಇಡೀ ದಿನ ನೋಡ್ಕೊಳ್ಳೋದು ನೀನು. ತಬ್ಕೊಳ್ಳೋಕೆ ನಾನೇ ಬೇಕು ಅವಳಿಗೆ." ಹೆಂಡತಿ ಒಣಗಿದ ಬಟ್ಟೆ ಮಡಚುತ್ತ, "ಆಯ್ತು ಬಿಡಿ, ನೀವೇ ಗೆದ್ರಿ," ಎಂದುಬಿಡುತ್ತಿದ್ದಳು. ಅವಳಿಗೆ ಹೊಟ್ಟೆಕಿಚ್ಚು ಎಂದು ಅವನು ಒಳಗೊಳಗೇ ಬೀಗುತ್ತಿದ್ದ.

ಹೊಸ ಆಸ್ಪತ್ರೆಯ ಡಾಕ್ಟರು ಬೆಳ್ಳಿಕೂದಲಿನ ಹೆಂಗಸು. ಎದುರಿಗಿದ್ದವರ ಮಾತು ಪೂರ್ತಿ ಮುಗಿಯುವವರೆಗೆ ಬಾಯಿ ತೆರೆಯದ ಅಭ್ಯಾಸ ಅವರದು. ಹಳೆಯ ಸ್ಕ್ಯಾನುಗಳನ್ನೆಲ್ಲ ದೀಪದ ಎದುರು ಹಿಡಿದು ನೋಡಿದರು. ಎಂಆರ್‌ಐಯಲ್ಲಿ ಕಲೆಯಿಲ್ಲ, ಗಂಟಿಲ್ಲ, ಗಾಯದ ಗುರುತಿಲ್ಲ. ಕಂಡಕ್ಟರನಿಗೆ ಖುಷಿಯಾಯಿತು. ಡಾಕ್ಟರಿಗೆ ಆಗಲಿಲ್ಲ.

"ಏನಾದ್ರೂ ಕಂಡಿದ್ರೆ ಚೆನ್ನಾಗಿರ್ತಿತ್ತು," ಎಂದರು. "ಕಂಡಿದ್ರೆ ತೆಗೀಬಹುದು. ಈಗ ಎಲ್ಲಿಂದ ಶುರುವಾಗ್ತಿದೆ ಅಂತ ಬೇರೆ ದಾರೀಲಿ ಹುಡುಕಬೇಕು."

ಆ ದಾರಿ ಏನೆಂದು ನಿಧಾನವಾಗಿ ಬಿಡಿಸಿ ಹೇಳಿದರು. ಫಿಟ್ಸು ಮಿದುಳಿನ ಯಾವುದೋ ಒಂದು ಚಿಕ್ಕ ಜಾಗದಲ್ಲಿ ಹುಟ್ಟುತ್ತದೆ, ಹುಟ್ಟಿದ ಕ್ಷಣ ಅಲ್ಲಿಗೆ ರಕ್ತ ನುಗ್ಗುತ್ತದೆ. ಸರಿಯಾಗಿ ಆಗಲೇ ಒಂದು ಔಷಧವನ್ನು ನರಕ್ಕೆ ಚುಚ್ಚಿದರೆ ಅದು ರಕ್ತದ ಜೊತೆ ಹೋಗಿ ಆ ಜಾಗದಲ್ಲೇ ಅಂಟಿ ಕೂರುತ್ತದೆ. ಆಮೇಲೆ ಮಗು ಸುಧಾರಿಸಿಕೊಂಡ ಮೇಲೆ ಸ್ಕ್ಯಾನ್ ಮಾಡಿದರೂ ಸಾಕು. "ಫೋಟೋ ಆಗಲೇ ತೆಗೆದಾಗಿರುತ್ತೆ, ನಾವು ಆಮೇಲೆ ನೋಡ್ತೀವಿ, ಅಷ್ಟೇ. ಆದ್ರೆ ಚುಚ್ಚೋದು ತಡ ಆಗಬಾರದು. ಕೆಲವೇ ಸೆಕೆಂಡು ತಡವಾದ್ರೂ ಫಿಟ್ಸು ಎಲ್ಲಾ ಕಡೆ ಹರಡಿರುತ್ತೆ, ಔಷಧಾನೂ ಹರಡಿಬಿಡುತ್ತೆ. ಹುಟ್ಟಿದ ಜಾಗ ಯಾವುದು, ಹೋದ ಜಾಗ ಯಾವುದು ಅಂತ ಗೊತ್ತಾಗಲ್ಲ."

"ಜಾಗ ಸಿಕ್ರೆ?"

"ಒಂದೇ ಜಾಗ ಆಗಿದ್ರೆ, ತೆಗೆಯೋ ಹಾಗಿದ್ರೆ, ತೆಗೀತೀವಿ. ಫಿಟ್ಸು ನಿಂತರೂ ನಿಲ್ಲಬಹುದು."

"ಸಿಗದಿದ್ರೆ?"

ಡಾಕ್ಟರು ಮಾತ್ರೆಯ ಚೀಟಿಯ ಕಡೆ ನೋಡಿದರು. ಅದಕ್ಕಿಂತ ಬೇರೆ ಉತ್ತರ ಬೇಕಾಗಿರಲಿಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆ ಇದು: "ಶುರುವಾಗೋದು ಹೇಗೆ? ಎಲ್ಲಕ್ಕಿಂತ ಮೊದಲು ಏನು ಮಾಡ್ತಾಳೆ?"

"ಕುತ್ತಿಗೆ ತಿರುಗುತ್ತೆ ಮೇಡಂ. ಕಣ್ಣು ಮೇಲಕ್ಕೆ ಹೋಗುತ್ತೆ," ಎಂದ ಕಂಡಕ್ಟರ್.

"ಅದಕ್ಕೂ ಮುಂಚೆ?"

"ಮುಂಚೆ ಏನೂ ಇಲ್ಲ. ಚೆನ್ನಾಗೇ ಇರ್ತಾಳೆ."

ಅವನು ಸುಳ್ಳು ಹೇಳಲಿಲ್ಲ. ತಬ್ಬಿಕೊಳ್ಳುವುದು ಅವನ ಪಾಲಿಗೆ ಕಾಯಿಲೆಯ ಮಾತೇ ಅಲ್ಲ, ಅದು ಮಗಳ ಮಾತು. ಅದನ್ನು ಡಾಕ್ಟರಿಗೆ ಯಾಕೆ ಹೇಳಬೇಕು? ಡಾಕ್ಟರು ತಾಯಿಯ ಕಡೆ ತಿರುಗಿ, "ನೀವೇನಾದ್ರೂ ಗಮನಿಸಿದೀರಾಮ್ಮಾ?" ಎಂದರು. ಅವಳು ಗಂಡನ ಮುಖ ನೋಡಿದಳು. ನೋಡಿ, "ಅವರು ಹೇಳಿದ್ದೇ ಮೇಡಂ," ಎಂದಳು.

ಮಗಳನ್ನು ಸೇರಿಸಿದ ವಾರ್ಡಿನ ಕೋಣೆಯಲ್ಲಿ ಒಂದು ಮಂಚ, ಮಂಚಕ್ಕೆ ಮೆತ್ತೆ ಕಟ್ಟಿದ ಕಂಬಿ, ಗೋಡೆಯ ಮೂಲೆಯಲ್ಲಿ ಕಣ್ಣು ಮಿಟುಕಿಸದ ಕ್ಯಾಮೆರಾ. ಚಿಲ್ರೆಯ ತಲೆಗೆ ಟೆಕ್ನಿಷಿಯನ್ ಅಂಟು ಹಚ್ಚಿ ಹಚ್ಚಿ ವೈರು ಕೂರಿಸಿದ, ಮೇಲೆ ಬ್ಯಾಂಡೇಜು ಸುತ್ತಿದ. ಎಲ್ಲ ವೈರುಗಳೂ ಒಂದು ಜಡೆಯಾಗಿ ಬೆನ್ನ ಹಿಂದೆ ಇಳಿದು ಗೋಡೆಯ ಪೆಟ್ಟಿಗೆಗೆ ಹೋಗುತ್ತಿದ್ದವು. "ನಮ್ಮ ಬಸ್ಸಿಗೂ ಇಷ್ಟು ವೈರಿಲ್ಲ," ಎಂದ ಕಂಡಕ್ಟರ್. ಕೈಗೆ ಸೂಜಿ ಹಾಕಿ ಪ್ಲಾಸ್ಟರು ಅಂಟಿಸಿದ್ದರು. ದಿನಾ ಬೆಳಿಗ್ಗೆ ವಿಕಿರಣವಿರುವ ಆ ಔಷಧ ತುಂಬಿದ ಸಿರಿಂಜು ದಪ್ಪ ಲೋಹದ ಕವಚದೊಳಗೆ ಬರುತ್ತಿತ್ತು. ಅದನ್ನು ಹಿಡಿದು ಕೂರುವುದಕ್ಕೇ ಒಬ್ಬ ಸಿಸ್ಟರ್. ಸಂಜೆಯೊಳಗೆ ಫಿಟ್ಸು ಬರದಿದ್ದರೆ ಔಷಧ ಸತ್ತುಹೋಗುತ್ತದೆ, ಮರುದಿನ ಮತ್ತೆ ಹೊಸದು.

ತಂದೆಯ ಕೈಗೆ ಒಂದು ವೈರು, ವೈರಿನ ತುದಿಗೆ ಕೆಂಪು ಬೆಲ್ಲು. ಮೊದಲ ಲಕ್ಷಣ ಕಂಡ ಕೂಡಲೇ ಒತ್ತಬೇಕು. ಕಂಡಕ್ಟರನಿಗೆ ನಗು ಬಂತು. "ಸಿಸ್ಟರ್, ಇದು ನನ್ನ ಕಸುಬೇ. ನಾನು ಬೆಲ್ ಹೊಡೀತೀನಿ, ನೀವು ಗಾಡಿ ಬಿಡಿ." ಸಿಸ್ಟರ್ ಗಟ್ಟಿಮುಟ್ಟಾದ ಹೆಂಗಸು, ಮಾತಿಗೆ ಮಾತು ಕೊಡುವವಳು. "ನಿಮ್ಮ ಗಾಡಿ ಬರೋವರೆಗೂ ನನಗೆ ಟೀ ಕುಡಿಯೋಕೂ ಎದ್ದು ಹೋಗೋ ಹಾಗಿಲ್ಲ. ಬೇಗ ಬರೋಕೆ ಹೇಳಿ," ಎಂದಳು. ಹೇಳಿ ನಾಲಿಗೆ ಕಚ್ಚಿಕೊಂಡಳು. ಆದರೆ ಆ ಕೋಣೆಯಲ್ಲಿ ಎಲ್ಲರೂ ಕಾಯುತ್ತಿದ್ದುದು ಅದನ್ನೇ. ಐದು ವರ್ಷ ಬರಬೇಡ ಬರಬೇಡ ಎಂದು ಬೇಡಿಕೊಂಡಿದ್ದನ್ನು ಈಗ ಬಾ ಬಾ ಎಂದು ಕರೆಯುತ್ತ ಕೂರಬೇಕು. ಅದಕ್ಕಾಗಿಯೇ ಮಾತ್ರೆ ಇಳಿಸುತ್ತಾ ಬಂದಿದ್ದರು.

ಮಾತ್ರೆ ಇಳಿದಂತೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಚಿಲ್ರೆ ಎಚ್ಚರಾದಳು. ಹೌದು, ಎಚ್ಚರಾದಳು ಅಂತಲೇ ಹೇಳಬೇಕು. ಕೇಳಿದ್ದಕ್ಕೆ ತಟ್ಟನೆ ಉತ್ತರ ಕೊಟ್ಟಳು. ಕಿಟಕಿಯಿಂದ ಕಾಣುವ ಪಾರ್ಕಿಂಗಿನಲ್ಲಿ ಒಬ್ಬ ಕಾರನ್ನು ಹಿಂದಕ್ಕೆ ತೆಗೆಯಲಾರದೆ ಒದ್ದಾಡುವುದನ್ನು ನೋಡಿ ಕಿಲಕಿಲ ನಕ್ಕಳು. ಸಿಸ್ಟರಿಗೆ, "ನೀವು ಯಾಕೆ ಅಷ್ಟು ದಪ್ಪ?" ಎಂದು ಕೇಳಿ ಅಮ್ಮನ ಮಾನ ಕಳೆದಳು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ಮನೆಯಲ್ಲಿ ಹೀಗೊಬ್ಬಳು ಇದ್ದಳಾ ಎಂದು ಇಬ್ಬರಿಗೂ ಆಶ್ಚರ್ಯ.

ಮೊದಲ ಫಿಟ್ಸು ಒಂದು ಮಧ್ಯಾಹ್ನ ಬಂತು. ಬಿಡಿಸುತ್ತಿದ್ದ ಚಿತ್ರವನ್ನು ಬಿಟ್ಟು ಚಿಲ್ರೆ ಮಂಚದ ಮೇಲೆ ಮಂಡಿಯೂರಿ ಬಂದು ಅಪ್ಪನನ್ನು ತಬ್ಬಿದಳು. ಅವನು ಬೆನ್ನು ಸವರಿದ. "ಬಾ ಪುಟ್ಟಿ, ನಾನಿದೀನಿ," ಎಂದ. ಕುತ್ತಿಗೆ ತಿರುಗಿತು. ಬೆಲ್ ಒತ್ತಿದ. ಸಿಸ್ಟರ್ ಕಣ್ಣು ಮುಚ್ಚಿ ತೆರೆಯುವುದರೊಳಗೆ ಔಷಧ ಏರಿಸಿದಳು. ಎಲ್ಲವೂ ಅಂದುಕೊಂಡ ಹಾಗೇ ಆಯಿತೆಂದು ಕಂಡಕ್ಟರ್ ಹೆಂಡತಿಯ ಕಡೆ ನೋಡಿ ಹೆಬ್ಬೆರಳು ತೋರಿಸಿದ. ಅವಳು ನೆಲ ನೋಡುತ್ತಿದ್ದಳು.

ಮರುದಿನ ಡಾಕ್ಟರು ಇಬ್ಬರನ್ನೂ ಕಂಪ್ಯೂಟರಿನ ಕೋಣೆಗೆ ಕರೆಸಿದರು. ಪರದೆಯ ಮೇಲೆ ಚಿಲ್ರೆಯ ಮಿದುಳು. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಎಲ್ಲ ಕಡೆ ಔಷಧ ಅಂಟಿದ ಕೆಂಪು ಚೆಲ್ಲಿತ್ತು. "ತಡವಾಯ್ತು," ಎಂದರು.

"ತಡವಾ? ನಾನು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿದ್ದೆ ಮೇಡಂ! ಕುತ್ತಿಗೆ ತಿರುಗಿದ ತಕ್ಷಣ ಒತ್ತಿದೀನಿ. ಸಿಸ್ಟರನ್ನೇ ಕೇಳಿ."

ಡಾಕ್ಟರು ಟೆಕ್ನಿಷಿಯನ್ ಕಡೆ ತಲೆಯಾಡಿಸಿದರು. ಅವನು ವಿಡಿಯೋ ಹಾಕಿದ. ಒಂದು ಪಕ್ಕದಲ್ಲಿ ಕೋಣೆ, ಇನ್ನೊಂದು ಪಕ್ಕದಲ್ಲಿ ವೈರುಗಳು ಹಿಡಿದ ಮಿದುಳಿನ ಗೆರೆಗಳು. ಪರದೆಯಲ್ಲಿ ಚಿಲ್ರೆ ಚಿತ್ರ ಬಿಡಿಸುತ್ತಿದ್ದಾಳೆ, ಗೆರೆಗಳು ಸುಮ್ಮನೆ ಹರಿಯುತ್ತಿವೆ. ಪೆನ್ಸಿಲು ಕೈಯಿಂದ ಬಿತ್ತು. ಒಂದು ಗೆರೆ ಚೂಪಾಗಿ ಕುಣಿಯತೊಡಗಿತು. ಆಮೇಲೆ ಅವಳು ಕೈ ಚಾಚಿದಳು. ಟೆಕ್ನಿಷಿಯನ್ ಅಲ್ಲಿಗೆ ನಿಲ್ಲಿಸಿದ. ಪರದೆಯ ಮೇಲೆ ಮಗಳು ಎರಡೂ ಕೈ ಚಾಚಿಕೊಂಡು, ಅಪ್ಪ ಎರಡೂ ಕೈ ಚಾಚಿಕೊಂಡು ಹಾಗೇ ನಿಂತರು.

"ಶುರುವಾಗಿರೋದು ಇಲ್ಲಿ," ಎಂದರು ಡಾಕ್ಟರು. "ಇಲ್ಲಿ ಅವಳಿಗೆ ಪ್ರಜ್ಞೆ ಇಲ್ಲ. ಈ ತಬ್ಬಿಕೊಳ್ಳೋದು ಇದೆಯಲ್ಲ, ಇದೂ ಫಿಟ್ಸೇ. ಕೆಲವು ಮಕ್ಕಳು ಓಡ್ತಾರೆ, ಕೆಲವರು ಚಪ್ಪಾಳೆ ತಟ್ತಾರೆ. ಇವಳು ಎದುರಿಗಿದ್ದಿದ್ದನ್ನ ಹಿಡ್ಕೊಳ್ತಾಳೆ."

ಡಾಕ್ಟರು ತಾಯಿಯನ್ನು ಕೇಳಿದರು, "ಮನೇಲೂ ಹೀಗೇನಾ?"

"ಹೌದು ಮೇಡಂ."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಮೆಟ್ಟಿಲಿನ ತಿರುವಿನಲ್ಲಿ, ಓಡಾಡುವವರು ಯಾರೂ ಇಲ್ಲದಿದ್ದಾಗ, ಕಂಡಕ್ಟರ್ ಅವಳ ಮೇಲೆ ಹರಿಹಾಯ್ದ. ಮದುವೆಯಾದ ಮೇಲೆ ಅಷ್ಟು ಜೋರಾಗಿ ಅವನು ಕೂಗಿದ್ದೇ ಇಲ್ಲ. "ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಮಗೂ ತಲೆಯ ವಿಷಯ ಕಣೇ ಇದು! ಆ ಔಷಧ ದಂಡ ಆಯ್ತು, ಮಗು ಅಷ್ಟು ಒದ್ದಾಡಿದ್ದು ದಂಡ ಆಯ್ತು. ಏನಂದ್ಕೊಂಡು ಸುಮ್ನಿದ್ದೆ?"

"ಹೇಗೆ ಹೇಳ್ಲಿ?" ಎಂದಳು ಅವಳು. ಅವಳು ಕೂಗಲಿಲ್ಲ. "ನೀವು ಕೆಲಸಕ್ಕೆ ಹೋದಾಗ ಅವಳು ನನ್ನ ತಬ್ಕೋತಾಳೆ. ನಾನು ಹತ್ರ ಇಲ್ಲದಿದ್ರೆ ಬಟ್ಟೆ ಒಣಗಿಸೋ ಸ್ಟ್ಯಾಂಡನ್ನ ತಬ್ಕೋತಾಳೆ. ಒಂದಿನ ಫ್ರಿಜ್ಜನ್ನ ತಬ್ಕೊಂಡು ನಿಂತಿದ್ಲು ರೀ, ಹೀಗೇ, ಕೆನ್ನೆ ಒತ್ಕೊಂಡು. ಅದನ್ನ ಬಂದು ನಿಮಗೆ ಹೇಳ್ಬೇಕಿತ್ತಾ? ಡಿಪೋದೋರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ರಿ. ಅದೊಂದೇ ಅಲ್ವಾ ನಿಮಗೆ ಅವಳಿಂದ ಸಿಗ್ತಿದ್ದಿದ್ದು."

ಫ್ರಿಜ್ಜು ಎಂಬ ಮಾತು ಕಂಡಕ್ಟರನ ಮುಖಕ್ಕೆ ಹೊಡೆದಂತಾಯಿತು. ಐದು ವರ್ಷ ಅವನು ಬೀಗಿದ್ದು, ಕಣ್ಣು ತುಂಬಿಕೊಂಡಿದ್ದು, ಹೆಂಡತಿಯನ್ನು ಚುಚ್ಚಿದ್ದು ಎಲ್ಲವೂ ಸಾಲಾಗಿ ನೆನಪಿಗೆ ಬಂದು ಅವಮಾನವಾಯಿತು. ಅವಳ ಮೇಲೆ ಸಿಟ್ಟು ಇನ್ನೂ ಇತ್ತು. ಅವಳು ತನ್ನನ್ನು ಕಾಪಾಡಲು ಹೋಗಿ ಹೀಗಾಯಿತೆಂದು ಗೊತ್ತಾಗಿ ಆ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟ. ಅವಳೂ ಪಕ್ಕದಲ್ಲಿ ಕೂತಳು. ಆ ಹೊತ್ತಿಗೆ ಇಬ್ಬರಲ್ಲಿ ಒಬ್ಬರಿಗೂ ಇನ್ನೊಬ್ಬರನ್ನು ಸಮಾಧಾನ ಮಾಡುವ ಶಕ್ತಿಯಿರಲಿಲ್ಲ.

ಇನ್ನೊಮ್ಮೆ ಮಾಡೋಣ ಎಂದರು ಡಾಕ್ಟರು. ಈ ಸಲ ಅಪ್ಪಣೆ ಸ್ಪಷ್ಟವಾಗಿತ್ತು: ತಬ್ಬಿಕೊಂಡ ಕೂಡಲೇ ಬೆಲ್ ಒತ್ತಿ. ಯೋಚನೆ ಮಾಡಬೇಡಿ, ಬೆನ್ನು ಸವರಬೇಡಿ, ಮೊದಲು ಬೆಲ್ಲು.

ಕಂಡಕ್ಟರ್ ಬೆಲ್ಲನ್ನು ಮುಷ್ಟಿಯಲ್ಲಿ ಹಿಡಿದು ಮತ್ತೆ ಕುರ್ಚಿಯಲ್ಲಿ ಕೂತ. ಈಗ ಅವನ ಬಾಯಿಂದ ತಮಾಷೆ ಹೊರಡುತ್ತಿರಲಿಲ್ಲ. ಮಗಳು ಮಗ್ಗುಲಾದರೆ ಕುರ್ಚಿಯ ತುದಿಗೆ ಬರುತ್ತಿದ್ದ, ಕೈ ಎತ್ತಿ ಮೂಗು ಕೆರೆದುಕೊಂಡರೆ ಹೆಬ್ಬೆರಳು ಬೆಲ್ಲಿನ ಮೇಲಿರುತ್ತಿತ್ತು. ಅವಳೋ ಮಾತಿನ ಮಲ್ಲಿಯಾಗಿದ್ದಳು. "ಅಪ್ಪಾ, ನೀನು ಟಿಕೆಟ್ ಕೊಡೋದು ಮರೆತ್ರೆ ಏನ್ ಮಾಡ್ತಾರೆ?" "ಬೈತಾರೆ." "ಯಾರು?" "ದೊಡ್ಡ ಸಾಹೇಬ್ರು." "ಅವರು ಮರೆತ್ರೆ?" ಕಂಡಕ್ಟರನಿಗೆ ನಿಜವಾಗಿ ನಗು ಬಂತು. "ಅವರು ಮರೆಯೋದೇ ಅವರ ಕೆಲಸ," ಎಂದ. ಚಿಲ್ರೆ ಬಿದ್ದು ಬಿದ್ದು ನಕ್ಕಳು. ನಗುನಗುತ್ತಲೇ ಎದ್ದು, ಎರಡೂ ಕೈ ಚಾಚಿ, ಅಪ್ಪನ ಕುತ್ತಿಗೆಗೆ ಜೋತುಬಿದ್ದಳು.

ಅವನು ಬೆಲ್ ಒತ್ತಿದ.

ಗಂಟೆ ಬಡಿಯಿತು, ಸಿಸ್ಟರ್ ದಡಬಡಿಸಿ ಎದ್ದು ಔಷಧ ಏರಿಸಿಯೇಬಿಟ್ಟಳು. ಅವಳದೂ ತಪ್ಪಲ್ಲ, ಬೆಲ್ಲಾದರೆ ಚುಚ್ಚು ಎಂದೇ ಅವಳಿಗೆ ಹೇಳಿದ್ದು. ಎಲ್ಲರೂ ಕುತ್ತಿಗೆ ತಿರುಗುವುದನ್ನು ಕಾದರು. ತಿರುಗಲಿಲ್ಲ. ಚಿಲ್ರೆ ಹೆದರಿ ಅಪ್ಪನನ್ನು ಬಿಟ್ಟು ಹಿಂದೆ ಸರಿದಳು. ಅವಳ ಕಣ್ಣು ಎಲ್ಲರ ಮುಖವನ್ನೂ ಹುಡುಕುತ್ತಿತ್ತು.

"ಏನಾಯ್ತು?" ಎಂದಳು. "ಯಾಕಪ್ಪಾ ಬೆಲ್ ಒತ್ತಿದೆ?"

ಟೆಕ್ನಿಷಿಯನ್ ಬಾಗಿಲಿನಿಂದ ತಲೆ ಹಾಕಿ, "ಏನೂ ಇಲ್ಲ, ಗೆರೆ ಎಲ್ಲಾ ಸರಿಯಾಗಿದೆ," ಎಂದ. "ಸುಮ್ನೆ ತಬ್ಕೊಂಡಿದಾಳೆ ಅಷ್ಟೇ."

"ನಾನು ಸುಮ್ನೇ ಬಂದಿದ್ದು," ಎಂದಳು ಚಿಲ್ರೆ. ಸೂಜಿಯಿದ್ದ ಕೈಯನ್ನು ಎದೆಗೊತ್ತಿಕೊಂಡು ಮಂಚದ ಆ ತುದಿಗೆ ಹೋಗಿ ಅಮ್ಮನ ಕಡೆ ಮುಖ ಮಾಡಿ ಮಲಗಿದಳು. ಕಂಡಕ್ಟರ್ ಎಷ್ಟು ಕರೆದರೂ ತಿರುಗಲಿಲ್ಲ.

ಔಷಧ ದಂಡವಾಗಲಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ಫಿಟ್ಸು ಇಲ್ಲದಾಗ ಮಿದುಳು ಹೇಗಿರುತ್ತದೆ ಎಂಬುದಕ್ಕೂ ಒಂದು ಚಿತ್ರ ಹೇಗೂ ಬೇಕಿತ್ತು, ಅದರ ಪಕ್ಕ ಇಟ್ಟು ನೋಡಿದರೇ ವ್ಯತ್ಯಾಸ ತಿಳಿಯುವುದು. ಆ ಚಿತ್ರವನ್ನೂ ತೋರಿಸಿದರು. ತಣ್ಣಗಿನ ನೀಲಿ, ಹಸಿರು. ಎಲ್ಲೂ ಕೆಂಪಿಲ್ಲ. "ಇದು ಏನೂ ನಡೀದೆ ಇದ್ದಾಗಿನ ಚಿತ್ರ," ಎಂದರು. ಐದು ವರ್ಷದಲ್ಲಿ ಮಗಳು ತನ್ನಷ್ಟಕ್ಕೆ ತಾನು ಬಂದು ಅಪ್ಪನನ್ನು ತಬ್ಬಿಕೊಂಡ ಚಿತ್ರ ಅದೊಂದೇ. ಕಂಡಕ್ಟರ್ ಅದನ್ನು ಬಹಳ ಹೊತ್ತು ನೋಡಿದ. ಡಾಕ್ಟರಿಗೆ ಏನೆನ್ನಿಸಿತೋ, ಪರದೆಯನ್ನು ಹಾಗೇ ಬಿಟ್ಟು ಹೊರಗೆ ಹೋದರು.

ಮೂರನೆಯ ಸಲ ತಪ್ಪಲಿಲ್ಲ. ಚಿಲ್ರೆ ಊಟದ ತಟ್ಟೆಯನ್ನು ಬಿಟ್ಟು ಬಂದಳು, ಈಗ ಅವಳ ಕಣ್ಣು ಯಾರ ಮುಖವನ್ನೂ ಹುಡುಕುತ್ತಿರಲಿಲ್ಲ. ಅವಳ ಕೈ ಕುತ್ತಿಗೆಗೆ ತಾಗಿದ್ದೇ ಬೆಲ್ ಒತ್ತಿದ. ಔಷಧ ಸರಿಯಾದ ಹೊತ್ತಿಗೆ ಹೋಯಿತು. ಚಿತ್ರದಲ್ಲಿ ಎಡಗಿವಿಯ ನೇರಕ್ಕೆ, ಮಿದುಳಿನ ಆಳದಲ್ಲಿ, ಹುಣಸೆಬೀಜದಷ್ಟು ಕೆಂಪು. ಬೇರೆಲ್ಲ ಕಡೆ ತಣ್ಣಗಿತ್ತು. ಡಾಕ್ಟರು ಮೊದಲ ಬಾರಿಗೆ ನಕ್ಕರು. ಕಂಡಕ್ಟರನಿಗೆ ಹೋದ ಜೀವ ಬಂದಂತಾಯಿತು. ಕ್ಯಾಂಟೀನಿನಲ್ಲಿ ಹೆಂಡತಿಗೆ ಕಾಫಿ ತಂದುಕೊಟ್ಟ. "ತೆಗೆದುಬಿಡ್ತಾರೆ ಕಣೇ," ಎಂದ. "ಆಮೇಲೆ ಮಾತ್ರೇನೂ ಇಲ್ಲ. ಈಗ ಹೇಗೆ ಮಾತಾಡ್ತಾಳೆ, ಹಾಗೇ ಇರ್ತಾಳೆ. ನಂಗೆ ಅಷ್ಟು ಸಾಕು, ತಬ್ಕೊಳ್ದಿದ್ರೂ ಪರವಾಗಿಲ್ಲ." ಹೆಂಡತಿ ಕಾಫಿ ಕುಡಿಯದೆ ಅತ್ತಳು. ಅವನು ಅವಳ ಲೋಟ ಹಿಡಿದುಕೊಂಡು ಕೂತಿದ್ದ.

ಆಪರೇಷನ್ನಿಗೆ ಮೊದಲು ಇನ್ನೂ ಕೆಲವು ಫಿಟ್ಸುಗಳ ಗೆರೆ ನೋಡಬೇಕೆಂದು ಅವಳನ್ನು ಅಲ್ಲೇ ಉಳಿಸಿಕೊಂಡರು. ಆ ದಿನಗಳಲ್ಲಿ ಅವಳು ಅಪ್ಪನನ್ನು ತಬ್ಬಿದಳು, ಅಮ್ಮನನ್ನು ತಬ್ಬಿದಳು, ಒಮ್ಮೆ ಮಂಚದ ಕಂಬಿಯನ್ನೂ ತಬ್ಬಿದಳು. ಪ್ರತಿ ಸಲವೂ ಟೆಕ್ನಿಷಿಯನ್ ಆಚೆ ಕೋಣೆಯಿಂದ ಗೆರೆ ನೋಡುತ್ತಿದ್ದ. ಮೊದಲು ತಾನೇ ಬಂದು ಮಾತಾಡಿಸುತ್ತಿದ್ದವನು ಆಮೇಲಾಮೇಲೆ ಕಣ್ಣು ತಪ್ಪಿಸಿ ಓಡಾಡತೊಡಗಿದ.

ಡಾಕ್ಟರು ಈ ಸಲ ಪರದೆಯಲ್ಲಿ ಏನೂ ತೋರಿಸಲಿಲ್ಲ, ತಮ್ಮ ಕೋಣೆಗೇ ಕರೆದು ಕೂರಿಸಿದರು. ಫಿಟ್ಸು ಹುಟ್ಟುವ ಜಾಗ ಒಂದಲ್ಲ, ಎರಡು ಎಂದರು. ಎಡಕ್ಕೆ ಚಿತ್ರದಲ್ಲಿ ಕಂಡದ್ದು ಒಂದು. ಆಮೇಲೆ ಬಂದವುಗಳಲ್ಲಿ ಅರ್ಧಕ್ಕರ್ಧ ಬಲಗಡೆಯಿಂದ, ಸರಿಯಾಗಿ ಅದರ ಎದುರಿನ ಜಾಗದಿಂದ ಹುಟ್ಟಿವೆ. ಎರಡಕ್ಕೂ ಹೊರಗೆ ಕಾಣುವ ಲಕ್ಷಣ ಒಂದೇ.

"ಎರಡನ್ನೂ ತೆಗೀರಿ ಮೇಡಂ," ಎಂದ ಕಂಡಕ್ಟರ್.

"ಆ ಜಾಗದಲ್ಲೇ ನೆನಪು ಇರೋದು. ಎರಡೂ ತೆಗೆದ್ರೆ ಅವಳಿಗೆ ಹೊಸದೇನೂ ನೆನಪಲ್ಲಿ ನಿಲ್ಲಲ್ಲ. ಬೆಳಿಗ್ಗೆ ನೋಡಿದ್ದು ಮಧ್ಯಾಹ್ನಕ್ಕೆ ಇರಲ್ಲ."

"ಒಂದನ್ನಾದ್ರೂ ತೆಗೀರಿ."

"ಇನ್ನೊಂದು ಇರುತ್ತೆ. ಫಿಟ್ಸು ಬರ್ತಾನೇ ಇರುತ್ತೆ. ತಲೆ ತೆರೆದೂ ಉಪಯೋಗ ಇಲ್ಲದ ಕೆಲಸ ನಾನು ಮಾಡಲ್ಲ." ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೂ ತುಂಬಾ ಆಸೆ ಇಟ್ಕೊಂಡಿದ್ದೆ."

"ಹಾಗಾದ್ರೆ ಇಷ್ಟೆಲ್ಲ ಯಾಕೆ ಮಾಡಿದ್ವಿ?" ಎಂದು ಕೇಳಿದ್ದು ಹೆಂಡತಿ. ಮುಂದೆ ಹೊಸ ಔಷಧ ಬರಬಹುದು, ಬೇರೆ ಉಪಾಯವೂ ಬರಬಹುದು ಎಂದೆಲ್ಲ ಡಾಕ್ಟರು ಹೇಳುತ್ತಿದ್ದರು. ಬರಬಹುದು, ಬರಬಹುದು. ಬಾರದ ಬಸ್ಸಿಗೆ ಕಾದು ನಿಂತವರಿಗೆ ಕಂಡಕ್ಟರೂ ಹೀಗೇ ಎಷ್ಟೋ ಸಲ ಹೇಳಿದ್ದುಂಟು.

ಮಾತ್ರೆ ಮತ್ತೆ ಶುರುವಾಯಿತು, ಮೊದಲಿಗಿಂತ ಒಂದು ಹೆಚ್ಚು. ಮನೆಗೆ ಬಂದ ಮೇಲೂ ಕೆಲವು ದಿನ ಚಿಲ್ರೆ ಮಾತಾಡಿದಳು. ಆಮೇಲೆ ಮಾತು ತಡವಾಯಿತು, ಆಮೇಲೆ ಕೇಳಿದ್ದಕ್ಕೆ ಮಾತ್ರ, ಆಮೇಲೆ ಅದೂ ಇಲ್ಲ. ಕಣ್ಣೆದುರೇ ಮಗು ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಎಚ್ಚರವಿದ್ದಷ್ಟು ದಿನವೂ ಅವಳು ತಾನಾಗಿ ಅಪ್ಪನ ಹತ್ತಿರ ಬರಲಿಲ್ಲ. ಅವನು ಕರೆದರೆ ಮೊದಲು ಅವನ ಕೈಯನ್ನು ನೋಡುತ್ತಿದ್ದಳು, ಕೈಯಲ್ಲಿ ಏನಾದರೂ ಇದೆಯಾ ಎಂದು. ಏನೂ ಇಲ್ಲ ಪುಟ್ಟಿ ಎಂದು ಎರಡೂ ಅಂಗೈ ಬಿಚ್ಚಿ ತೋರಿಸಿದರೂ ದೂರವೇ ನಿಲ್ಲುತ್ತಿದ್ದಳು. ಕಂಡಕ್ಟರ್ ಡಿಪೋದಲ್ಲಿ ಮಗಳ ಮಾತೆತ್ತುವುದನ್ನು ಬಿಟ್ಟ. ಕೇಳಿದವರಿಗೆ, "ಹಾಗೇ ಇದಾಳೆ," ಎಂದು ಟಿಕೆಟ್ ಯಂತ್ರಕ್ಕೆ ಪೇಪರು ಹಾಕುತ್ತಿದ್ದ.

ಒಂದು ರಜೆಯ ದಿನ ಬೆಳಿಗ್ಗೆ ಅವನು ಕಿಟಕಿಯ ಹತ್ತಿರ ಕೂತು ಷರ್ಟಿನ ಗುಂಡಿ ಹೊಲಿಯುತ್ತಿದ್ದ. ಹೆಂಡತಿ ಅಡುಗೆಮನೆಯಲ್ಲಿದ್ದಳು. ಚಿಲ್ರೆ ಕೋಣೆಯ ಆ ಕಡೆ ಚಾಪೆಯ ಮೇಲೆ ಕೂತಿದ್ದಳು. ಅವಳ ಕೈಯಲ್ಲಿದ್ದ ಬಾಚಣಿಗೆ ಕೆಳಗೆ ಬಿತ್ತು. ಅವಳು ಎದ್ದಳು. ಎರಡೂ ಕೈ ಚಾಚಿ ಬಿರಬಿರನೆ ಬಂದಳು.

ಕಂಡಕ್ಟರನಿಗೆ ಗೊತ್ತಿತ್ತು. ಚಾಪೆಗೆ ಮಲಗಿಸಬೇಕು, ಮಗ್ಗುಲಾಗಿಸಬೇಕು, ತಲೆಯ ಕೆಳಗೆ ಮೆತ್ತನೆಯದು ಇಡಬೇಕು. ಸೂಜಿಯನ್ನು ಮಾತ್ರ ದೂರ ಎಸೆದ. ಅವಳು ಬಂದು ತಬ್ಬಿದಳು, ಕೆನ್ನೆಗೆ ಕೆನ್ನೆ ಒತ್ತಿದಳು. ಅವನೂ ತಬ್ಬಿ ಹಿಡಿದ. ಅವಳ ಕೂದಲಲ್ಲಿ ಎಣ್ಣೆಯ ವಾಸನೆಯಿತ್ತು, ಉಸಿರು ಬಿಸಿಯಾಗಿ ಅವನ ಕಿವಿಗೆ ತಾಗುತ್ತಿತ್ತು.

ಅಡುಗೆಮನೆಯಿಂದ ಹೆಂಡತಿ ಕೂಗಿ ಕೇಳಿದಳು, "ರೀ, ಬಂತಾ?"

"ಇಲ್ಲ ಕಣೇ," ಎಂದ ಕಂಡಕ್ಟರ್. "ಸುಮ್ನೆ ಬಂದಿದಾಳೆ."

ಅವನು ಹೇಳಿ ಮುಗಿಸುವಷ್ಟರಲ್ಲಿ ಮಗಳ ಕುತ್ತಿಗೆ ತಿರುಗತೊಡಗಿತ್ತು.